ಮಾರಾಟ ಸೊನ್ನೆ ಇತ್ತು, ಬೇಡಿಕೆ ಇರಲಿಲ್ಲವೇ? ಬಿಡಿಭಾಗ ವಿತರಣಾ ಸಂಸ್ಥೆಯೊಂದರ ಡೇಟಾ ಪ್ರಕರಣ

ಯಂತ್ರಗಳ ಬಿಡಿಭಾಗ ಮಾರುವ ಮಧ್ಯಮ ಗಾತ್ರದ ಸಂಸ್ಥೆಯೊಂದರ ಪ್ರಕರಣ ಇದು. ಬೇರಿಂಗ್, ಬೆಲ್ಟ್, ಆಯಿಲ್ ಸೀಲ್, ಕಪ್ಲಿಂಗ್ ಇವರ ಸರಕು. ಒಂದು ಕೇಂದ್ರ ಗೋಡೌನ್, ಅದರ ಕೆಳಗೆ ಹಲವು ಶಾಖೆಗಳು. ಗ್ರಾಹಕರು ಹೆಚ್ಚಾಗಿ ಕಾರ್ಖಾನೆಗಳ ಮೇಂಟೆನೆನ್ಸ್ ವಿಭಾಗದವರು ಮತ್ತು ರಿಪೇರಿ ವರ್ಕ್‌ಶಾಪ್‌ನವರು. ಗುರುತು ಸಿಗಬಾರದು ಅಂತ ಹೆಸರು, ಊರು, ವಹಿವಾಟಿನ ಮೊತ್ತ ಎಲ್ಲವನ್ನೂ ಬಿಟ್ಟಿದ್ದೇನೆ. ವ್ಯಕ್ತಿಗಳನ್ನು ಹುದ್ದೆಯಿಂದ ಮಾತ್ರ ಕರೆದಿದ್ದೇನೆ. ಮಧ್ಯೆ ಬರುವ ಮಾರಾಟದ ಲೆಕ್ಕಗಳು ವಿಷಯ ತಿಳಿಸಲು ಮಾಡಿದ ಉದಾಹರಣೆಗಳು. ಅವು ಸಂಸ್ಥೆಯ ಅಂಕಿಗಳಲ್ಲ.

ಹಿನ್ನೆಲೆ

ಈ ವ್ಯಾಪಾರದ ಸ್ವಭಾವವೇ ಬೇರೆ. ಯಂತ್ರ ನಿಂತಾಗ ಗ್ರಾಹಕ ಬರುತ್ತಾನೆ. ಅವನಿಗೆ ಮಾಲು ಇವತ್ತೇ ಬೇಕು. ಸಿಗದಿದ್ದರೆ ಕಾಯುವುದಿಲ್ಲ, ಬೇರೆ ಕಡೆ ಹೋಗುತ್ತಾನೆ. ಸಾವಿರಾರು ಐಟಂಗಳಲ್ಲಿ ದಿನಾ ಹೋಗುವುದು ಕೆಲವೇ ಕೆಲವು. ಉಳಿದವು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಕದಲುತ್ತವೆ.

ಸಂಸ್ಥೆಯಲ್ಲಿ ಇಆರ್‌ಪಿ ಸಾಫ್ಟ್‌ವೇರ್ ಬಂದು ವರ್ಷಗಳೇ ಆಗಿದ್ದವು. ಪ್ರತಿ ಬಿಲ್ಲು, ಪ್ರತಿ ಖರೀದಿ ಆರ್ಡರ್, ಗೋಡೌನ್‌ಗೆ ಬಂದ ಪ್ರತಿ ಮಾಲು ಅದರಲ್ಲಿ ದಾಖಲಾಗಿತ್ತು. ಹಾಗಾಗಿ ಆಡಳಿತದವರಿಗೆ ಒಂದು ನಂಬಿಕೆ: ನಮ್ಮ ಹತ್ತಿರ ಡೇಟಾ ಬೇಕಾದಷ್ಟಿದೆ, ಬಳಸುವವರು ಇಲ್ಲ ಅಷ್ಟೇ.

ತೊಂದರೆ ಎರಡು ಕಡೆಯಿಂದ ಒಟ್ಟಿಗೇ ಬಂದಿತ್ತು. ಗೋಡೌನ್ ತುಂಬಿ ತುಳುಕುತ್ತಿತ್ತು. ಆದರೂ ಗ್ರಾಹಕರು ಬರಿಗೈಲಿ ಹೋಗುತ್ತಿದ್ದರು. ಖರೀದಿ ವಿಭಾಗದವರು ಮಾರಾಟದವರನ್ನು ದೂರಿದರು. ಮಾರಾಟದವರು ಖರೀದಿಯವರನ್ನು ದೂರಿದರು. ಕೊನೆಗೆ ಆಡಳಿತದವರು ಬೇಡಿಕೆ ಅಂದಾಜು ಮಾಡುವ ಸಾಫ್ಟ್‌ವೇರ್ ಕೊಂಡರು. ಅದನ್ನು ನಡೆಸಲು ಒಬ್ಬ ಡೇಟಾ ಅನಲಿಸ್ಟ್‌ರನ್ನೂ ನೇಮಿಸಿದರು.

ಡ್ಯಾಶ್‌ಬೋರ್ಡ್ ಚೆನ್ನಾಗಿತ್ತು

ಹೊಸ ಸಾಫ್ಟ್‌ವೇರ್ ಹಳೆಯ ಮಾರಾಟವನ್ನು ಓದಿ, ಪ್ರತಿ ಐಟಂಗೆ ಮುಂದಿನ ತಿಂಗಳ ಅಂದಾಜು ಕೊಡುತ್ತಿತ್ತು. ಎಷ್ಟು ತರಿಸಬೇಕು ಅಂತಲೂ ಹೇಳುತ್ತಿತ್ತು. ಮೀಟಿಂಗ್ ಕೋಣೆಯ ಪರದೆ ಮೇಲೆ ಹಸಿರು, ಹಳದಿ, ಕೆಂಪು ಬಣ್ಣಗಳು ಬಂದವು. ಅಂದಾಜು ಎಷ್ಟು ನಿಖರ ಅನ್ನುವುದಕ್ಕೂ ಒಂದು ವರದಿ ಇತ್ತು. ಮೊದಲ ತಿಂಗಳುಗಳಲ್ಲಿ ಎಲ್ಲರೂ ಖುಷಿಯಾಗಿಯೇ ಇದ್ದರು.

ಅನಲಿಸ್ಟ್‌ಗೆ ಮಾತ್ರ ಒಂದು ವಿಷಯ ಸರಿ ಅನ್ನಿಸಲಿಲ್ಲ. ಯಾವ ಐಟಂಗಳು ಸಿಗುತ್ತಿಲ್ಲ ಅಂತ ಶಾಖೆಯವರು ಜಾಸ್ತಿ ಗೊಣಗುತ್ತಿದ್ದರೋ, ಅವುಗಳಲ್ಲಿ ಹಲವಕ್ಕೆ ಅಂದಾಜಿನ ನಿಖರತೆ ಅತ್ಯುತ್ತಮ ಅಂತ ವರದಿ ಹೇಳುತ್ತಿತ್ತು. ಎರಡೂ ಹೇಗೆ ನಿಜವಾಗಲು ಸಾಧ್ಯ?

ಲೆಕ್ಕ ಹಾಕಿ ನೋಡಿ. ಒಂದು ಬೇರಿಂಗ್‌ಗೆ ದಿನಕ್ಕೆ 2 ಬೇಡಿಕೆ ಇದೆ ಅಂದುಕೊಳ್ಳಿ. 30 ದಿನಕ್ಕೆ 60 ಬೇಕು. ಆದರೆ ತಿಂಗಳ ಮೊದಲಲ್ಲಿ ಬಂದದ್ದು 20 ಮಾತ್ರ. 10 ದಿನದಲ್ಲಿ ಅದು ಮುಗಿಯಿತು. ಉಳಿದ 20 ದಿನ ರ‍್ಯಾಕ್ ಖಾಲಿ. ತಿಂಗಳ ಕೊನೆಗೆ ಕಂಪ್ಯೂಟರ್ ಏನು ಬರೆದುಕೊಳ್ಳುತ್ತದೆ? ಮಾರಾಟ 20. ಮುಂದಿನ ತಿಂಗಳ ಅಂದಾಜು 20. ಅಷ್ಟನ್ನೇ ತರಿಸುತ್ತಾರೆ, ಅಷ್ಟೇ ಮಾರಾಟವಾಗುತ್ತದೆ. ಅಂದಾಜು ನೂರಕ್ಕೆ ನೂರು ಸರಿ! ಸರಬರಾಜುದಾರ ಒಂದು ತಿಂಗಳು 15 ಮಾತ್ರ ಕಳಿಸಿದರೆ ಮಾರಾಟ 15ಕ್ಕೆ ಇಳಿಯುತ್ತದೆ, ಅದರ ಹಿಂದೆ ಅಂದಾಜೂ ಇಳಿಯುತ್ತದೆ. ತಿಂಗಳಿಗೆ 60 ಬೇಕಾದ ಐಟಂ ಕಾಗದದ ಮೇಲೆ ನಿಧಾನವಾಗಿ ಸಾಯುತ್ತದೆ. ಯಾರೂ ತಪ್ಪು ಬರೆದಿಲ್ಲ, ಯಾರೂ ಸುಳ್ಳು ಹೇಳಿಲ್ಲ.

ಸಂಖ್ಯಾಶಾಸ್ತ್ರದವರು ಇದನ್ನು ಸೆನ್ಸಾರ್ ಆದ ಬೇಡಿಕೆ ಅನ್ನುತ್ತಾರೆ. ದಾಸ್ತಾನು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಬೇಡಿಕೆಯ ದಾಖಲೆಯೂ ನಿಂತುಹೋಗುತ್ತದೆ. ಹೊಸ ಸಂಗತಿಯೇನಲ್ಲ. ಪುಸ್ತಕಗಳಲ್ಲಿ ಇದೆ, ಹಲವು ಸಾಫ್ಟ್‌ವೇರ್‌ಗಳಲ್ಲಿ ಇದನ್ನು ಸರಿಪಡಿಸುವ ಸೌಲಭ್ಯವೂ ಇದೆ. ಆದರೆ ಆ ಸೌಲಭ್ಯಕ್ಕೆ ಯಾವ ದಿನ ದಾಸ್ತಾನು ಇರಲಿಲ್ಲ ಅನ್ನುವ ದಿನವಾರು ದಾಖಲೆ ಬೇಕು. ಇಲ್ಲಿ ಸಾಫ್ಟ್‌ವೇರ್‌ಗೆ ಕೊಟ್ಟಿದ್ದು ತಿಂಗಳ ಮಾರಾಟದ ಮೊತ್ತ ಮಾತ್ರ. ಫೈಲ್ ಚಿಕ್ಕದಾಗಲಿ ಅಂತ ಹಾಗೆ ಮಾಡಿದ್ದರು.

ಖರೀದಿ ಮುಖ್ಯಸ್ಥರ ವಾದವನ್ನು ಇಲ್ಲಿ ಹೇಳಲೇಬೇಕು. ಮಾರಾಟವೇ ಆಗದ ಮಾಲನ್ನು ಯಾಕೆ ತರಿಸಬೇಕು ಅಂತ ಅವರು ಕೇಳಿದರು. ಅವರ ಮುಂದಿದ್ದ ಅಂಕಿ ನೋಡಿದರೆ ಅದು ನ್ಯಾಯವಾದ ಪ್ರಶ್ನೆ. ಇಂಥ ಪ್ರಕರಣಗಳಲ್ಲಿ ಖರೀದಿಯವರನ್ನು ಖಳನಾಯಕರಂತೆ ತೋರಿಸುವ ರೂಢಿ ಇದೆ. ನನಗೆ ಅದು ಸರಿ ಕಾಣುವುದಿಲ್ಲ. ಕೈಗೆ ಕೊಟ್ಟ ವರದಿಯನ್ನು ನಂಬಿ ಕೆಲಸ ಮಾಡುವುದು ತಪ್ಪಲ್ಲ ಅಲ್ವಾ?

ಕೌಂಟರ್‌ನಲ್ಲಿ ಕಂಡದ್ದು

ಅನಲಿಸ್ಟ್ ಪರದೆ ಬಿಟ್ಟು ಎರಡು ಶಾಖೆಗಳ ಕೌಂಟರ್‌ನಲ್ಲಿ ಕೂತರು. ಪ್ರಕರಣ ತಿರುಗಿದ್ದು ಅಲ್ಲಿ. ಗ್ರಾಹಕ ಬಂದು ಕೇಳುತ್ತಾನೆ. ಸಿಬ್ಬಂದಿ ಇಲ್ಲ ಅನ್ನುತ್ತಾರೆ. ಗ್ರಾಹಕ ಹೋಗುತ್ತಾನೆ. ಕಂಪ್ಯೂಟರ್‌ನಲ್ಲಿ ಏನೂ ಬೀಳುವುದಿಲ್ಲ. ಯಾಕೆಂದರೆ ದಾಸ್ತಾನು ಇಲ್ಲದ ಐಟಂಗೆ ಬಿಲ್ ಮಾಡಲು ಸಿಸ್ಟಮ್ ಬಿಡುವುದೇ ಇಲ್ಲ. ಹೋದ ಗ್ರಾಹಕನನ್ನು ಬರೆದುಕೊಳ್ಳಲು ಜಾಗವೇ ಇರಲಿಲ್ಲ.

ಇನ್ನೊಂದು ಸೂಕ್ಷ್ಮ ಅಲ್ಲೇ ಕಂಡಿತು. ಕೇಳಿದ್ದು ಇಲ್ಲದಿದ್ದಾಗ ಅನುಭವಿ ಸಿಬ್ಬಂದಿ ಹತ್ತಿರದ ಬದಲಿ ಕೊಡುತ್ತಿದ್ದರು. ಗ್ರಾಹಕ ಎರಡೂ ಬದಿ ಲೋಹದ ಮುಚ್ಚಳ ಇರುವ ಝಡ್‌ಝಡ್ ಬೇರಿಂಗ್ ಕೇಳಿದರೆ, ರಬ್ಬರ್ ಸೀಲ್ ಇರುವ ಟೂಆರ್‌ಎಸ್ ಕೊಡುವುದು. ಬಿಲ್‌ನಲ್ಲಿ ಟೂಆರ್‌ಎಸ್ ಹೋಗುತ್ತದೆ. ಮುಂದಿನ ತಿಂಗಳು ಅಂದಾಜು ಟೂಆರ್‌ಎಸ್‌ಗೆ ಏರುತ್ತದೆ, ಝಡ್‌ಝಡ್‌ಗೆ ಇಳಿಯುತ್ತದೆ. ಗ್ರಾಹಕನ ಅವಶ್ಯಕತೆ ಮಾತ್ರ ಬದಲಾಗಿರುವುದಿಲ್ಲ. ಈ ಬದಲಿ ಎಲ್ಲ ಕಡೆ ಸರಿಯೂ ಅಲ್ಲ. ರಬ್ಬರ್ ಸೀಲ್ ಒಳಗಿನ ರಿಂಗ್‌ಗೆ ಉಜ್ಜುತ್ತದೆ, ಹಾಗಾಗಿ ಅದರ ವೇಗದ ಮಿತಿ ಕಡಿಮೆ. ಜೋರಾಗಿ ತಿರುಗುವ ಶಾಫ್ಟ್‌ಗೆ ಹಾಕಿದರೆ ಬೇಗ ಬಿಸಿಯಾಗುತ್ತದೆ.

ಮೂರನೆಯದು, ಡ್ಯಾಶ್‌ಬೋರ್ಡ್‌ನ ಹೆಮ್ಮೆಯ ಅಂಕಿ. ಅದು ಸಾಲುವಾರು ಪೂರೈಕೆ ಪ್ರಮಾಣ. ಆರ್ಡರ್‌ನಲ್ಲಿ ಒಂದು ಐಟಂಗೆ ಒಂದು ಸಾಲು. ಹಾಗೆ ಬಂದ ಒಟ್ಟು ಸಾಲುಗಳಲ್ಲಿ ಎಷ್ಟಕ್ಕೆ ಮಾಲು ಕೊಟ್ಟೆವು ಅನ್ನುವ ಲೆಕ್ಕ. ಲಿಖಿತ ಆರ್ಡರ್ ಕಳಿಸುವ ದೊಡ್ಡ ಗ್ರಾಹಕರಿಗೆ ಮಾತ್ರ ಇದನ್ನು ಅಳೆಯುತ್ತಿದ್ದರು. ಅಲ್ಲಿ ಅಂಕಿ ಚೆನ್ನಾಗಿಯೇ ಇತ್ತು. ಆದರೂ ಆ ಗ್ರಾಹಕರು ಸಿಟ್ಟಾಗಿದ್ದರು. ಉದಾಹರಣೆಗೆ, ಸಾಲುವಾರು ಪೂರೈಕೆ 95 ಶೇಕಡ ಅಂತಿಟ್ಟುಕೊಳ್ಳಿ. ಒಂದು ಆರ್ಡರ್‌ನಲ್ಲಿ 6 ಸಾಲು ಇದ್ದರೆ ಆರೂ ಸಿಗುವ ಸಾಧ್ಯತೆ 0.95 ಅನ್ನು ಆರು ಸಲ ಗುಣಿಸಿದಷ್ಟು. ಅಂದರೆ ಸುಮಾರು 73.5 ಶೇಕಡ. ಒಂದು ಐಟಂ ಸಿಗುವುದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ ಅಂದುಕೊಂಡಾಗ ಈ ಲೆಕ್ಕ. ಸರಿಸುಮಾರು ನಾಲ್ಕರಲ್ಲಿ ಒಂದು ಆರ್ಡರ್ ಅರ್ಧಂಬರ್ಧ ಹೋಗುತ್ತದೆ. ಬೇರಿಂಗ್ ಇದ್ದು ಆಯಿಲ್ ಸೀಲ್ ಇಲ್ಲದಿದ್ದರೆ ಪಂಪ್ ಮುಚ್ಚಲು ಆಗುವುದಿಲ್ಲ. ಗ್ರಾಹಕನ ಮಟ್ಟಿಗೆ ಏನೂ ಸಿಗದ ಹಾಗೇ ಲೆಕ್ಕ. ಆಡಳಿತದವರ ಅಂಕಿಯೂ ಸರಿ, ಗ್ರಾಹಕರ ದೂರೂ ಸರಿ. ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ.

ಐಟಂ ಮಾಸ್ಟರ್ ಎಂಬ ಕಾಡು

ಹೋದ ಬೇಡಿಕೆಯನ್ನು ಬರೆದುಕೊಳ್ಳೋಣ ಅಂತ ತೀರ್ಮಾನವಾಯಿತು. ಆಗ ಎದ್ದ ಪ್ರಶ್ನೆ: ಯಾವ ಕೋಡ್ ಅಡಿಯಲ್ಲಿ ಬರೆಯುವುದು? ಎಲ್ಲ ಐಟಂಗಳ ಕೋಡ್ ಮತ್ತು ವಿವರಣೆ ಇರುವ ಮೂಲ ಪಟ್ಟಿಗೆ ಐಟಂ ಮಾಸ್ಟರ್ ಅನ್ನುತ್ತಾರೆ. ಅದರಲ್ಲಿ ಒಂದೇ ಬೇರಿಂಗ್‌ಗೆ ಹಲವು ಕೋಡ್‌ಗಳಿದ್ದವು.

6205 ಅನ್ನುವ ಬೇರಿಂಗ್ ತೆಗೆದುಕೊಳ್ಳಿ. ಒಳವ್ಯಾಸ 25 ಮಿಲಿಮೀಟರ್, ಹೊರವ್ಯಾಸ 52, ಅಗಲ 15. ಜಗತ್ತಿನಲ್ಲಿ ಯಾರು ಮಾಡಿದರೂ ಅಷ್ಟೇ. ಎರಡೂ ಬದಿ ರಬ್ಬರ್ ಸೀಲ್ ಇದ್ದರೆ ಒಬ್ಬ ತಯಾರಕ ಟೂಆರ್‌ಎಸ್1 ಅನ್ನುತ್ತಾನೆ, ಇನ್ನೊಬ್ಬ ಡಿಡಿಯು, ಮತ್ತೊಬ್ಬ ಎಲ್‌ಎಲ್‌ಯು. ಶಾಖೆಯವರು ತಮಗೆ ತೋಚಿದಂತೆ ವಿವರಣೆ ಬರೆದಿದ್ದರು. ಕೆಲವರು ಅಂಕಿಯಿಂದ ಶುರು ಮಾಡಿದ್ದರು, ಕೆಲವರು ಬಾಲ್ ಬೇರಿಂಗ್ ಅನ್ನುವ ಪದದಿಂದ. ಹೀಗೆ ಒಂದೇ ಮಾಲಿನ ದಾಸ್ತಾನು, ಮಾರಾಟ, ಬೇಡಿಕೆ ಎಲ್ಲ ಚೂರುಚೂರಾಗಿ ಹಂಚಿಹೋಗಿತ್ತು. ಪ್ರತಿ ಚೂರೂ ನಿಧಾನವಾಗಿ ಹೋಗುವ ಐಟಂನಂತೆ ಕಾಣುತ್ತಿತ್ತು. ಒಂದು ಶಾಖೆಯಲ್ಲಿ ವರ್ಷಗಟ್ಟಲೆ ಕದಲದೆ ಬಿದ್ದ ಮಾಲನ್ನೇ ಇನ್ನೊಂದು ಶಾಖೆ ಬೇರೆ ಕೋಡ್‌ನಲ್ಲಿ ಹೊಸದಾಗಿ ತರಿಸುತ್ತಿತ್ತು.

ಇದಕ್ಕೆ ಮೊದಲು ಮಾಡಿದ ಪ್ರಯತ್ನ ಬೇಗ ಸೋತಿತು. ಅಕ್ಷರಗಳ ಹೋಲಿಕೆ ನೋಡಿ ಜೋಡಿ ಹುಡುಕುವ ಪ್ರೋಗ್ರಾಂ ಬಳಸಿದರು. ಒಂದು ಪದವನ್ನು ಇನ್ನೊಂದಾಗಿ ಮಾಡಲು ಎಷ್ಟು ಅಕ್ಷರ ಬದಲಿಸಬೇಕು ಅಂತ ಎಣಿಸುವ ವಿಧಾನ ಅದು. ಲೆವೆನ್‌ಸ್ಟೈನ್ ಅನ್ನುವ ರಷ್ಯನ್ ಗಣಿತಜ್ಞ 1965ರಲ್ಲಿ ಕೊಟ್ಟಿದ್ದು. ಜನರ ಹೆಸರು, ವಿಳಾಸ ಹೊಂದಿಸಲು ಬಹಳ ಉಪಯುಕ್ತ. ಇಲ್ಲಿ ಮಾತ್ರ ತಲೆಕೆಳಗಾಯಿತು. 6205 ಮತ್ತು 6206ರ ನಡುವೆ ಒಂದೇ ಅಕ್ಷರದ ವ್ಯತ್ಯಾಸ, ಹಾಗಾಗಿ ಪ್ರೋಗ್ರಾಂ ಅವನ್ನು ಒಂದೇ ಅಂತ ಸೂಚಿಸಿತು. ಆದರೆ 6206ರ ಒಳವ್ಯಾಸ 30 ಮಿಲಿಮೀಟರ್. 25ರ ಶಾಫ್ಟ್‌ಗೆ ಅದು ಕೂರುವುದೇ ಇಲ್ಲ. ಅತ್ತ ಡಿಡಿಯು ಮತ್ತು ಟೂಆರ್‌ಎಸ್1 ಅಕ್ಷರಗಳಲ್ಲಿ ಬಹಳ ದೂರ, ಬಳಕೆಯಲ್ಲಿ ಒಂದಕ್ಕೊಂದು ಸಮ. ಕೊನೆಯಲ್ಲಿ ಬರುವ ಸಿ3 ಅನ್ನು ಪ್ರೋಗ್ರಾಂ ಚಿಲ್ಲರೆ ವ್ಯತ್ಯಾಸ ಅಂತ ಬಿಟ್ಟುಬಿಟ್ಟಿತು. ಒಳಗೆ ಸಾಮಾನ್ಯಕ್ಕಿಂತ ಜಾಸ್ತಿ ಸಡಿಲ ಇದೆ ಅನ್ನುವುದನ್ನು ಸಿ3 ಹೇಳುತ್ತದೆ. ಬಿಸಿಯಾಗುವ ಮೋಟಾರ್‌ಗಳಿಗೆ ಅದು ಮುಖ್ಯ.

ಪಟ್ಟಿಯನ್ನು ನೋಡಿ ಮೊದಲು ತಡೆದವರು ಗೋಡೌನ್ ಮೇಲ್ವಿಚಾರಕರು. ಕಂಪ್ಯೂಟರ್‌ನ ಗೊಡವೆಗೆ ಹೆಚ್ಚು ಹೋದವರಲ್ಲ. ಆದರೆ ಯಾವುದು ಯಾವುದಕ್ಕೆ ಸಮ ಅನ್ನುವುದು ಅವರ ನಾಲಿಗೆ ತುದಿಯಲ್ಲಿತ್ತು. ಆಡಳಿತದವರು ಆಗ ಒಂದು ಕಷ್ಟದ ತೀರ್ಮಾನ ತೆಗೆದುಕೊಂಡರು. ಸಾಫ್ಟ್‌ವೇರ್‌ನ ಮುಂದಿನ ಹಂತವನ್ನು ನಿಲ್ಲಿಸಿದರು. ಮೇಲ್ವಿಚಾರಕರನ್ನು ದಿನದ ಅರ್ಧ ಹೊತ್ತು ಬೇರೆ ಕೆಲಸದಿಂದ ಬಿಡಿಸಿ, ಅನಲಿಸ್ಟ್ ಪಕ್ಕದಲ್ಲಿ ಕೂರಿಸಿದರು. ಮಾರಾಟ ವಿಭಾಗ ಗಲಾಟೆ ಮಾಡಿತು. ದುಡ್ಡು ಕೊಟ್ಟು ತಂದ ಸಾಫ್ಟ್‌ವೇರ್ ಸುಮ್ನೆ ಕೂತಿದೆ ಅನ್ನುವ ಮಾತು ಪ್ರತಿ ಮೀಟಿಂಗ್‌ನಲ್ಲೂ ಬಂತು.

ಅವರು ಮಾಡಿದ ಕೆಲಸದ ತಿರುಳು ಇಷ್ಟು. ಉದ್ದದ ವಿವರಣೆಯನ್ನು ನಂಬುವುದು ಬಿಟ್ಟರು. ಬದಲಿಗೆ ಪ್ರತಿ ಐಟಂಗೆ ಬಿಡಿ ಗುಣಗಳ ಅಂಕಣ ಮಾಡಿದರು: ಬಗೆ, ಒಳವ್ಯಾಸ, ಹೊರವ್ಯಾಸ, ಅಗಲ, ಸೀಲ್, ಸಡಿಲ, ತಯಾರಕ. ತಯಾರಕ ಬಿಟ್ಟು ಉಳಿದೆಲ್ಲ ಒಂದೇ ಆದರೆ ಅವು ಒಂದು ಗುಂಪು. ಬದಲಿಯಾಗಿ ಕೊಡಬಹುದಾದ ಐಟಂಗೆ ಬೇರೆ ಕೊಂಡಿ ಹಾಕಿದರು. ಆ ಕೊಂಡಿಗೆ ದಿಕ್ಕು ಇತ್ತು. ಇದರ ಬದಲು ಅದು ಕೊಡಬಹುದು ಅಂದ ಮಾತ್ರಕ್ಕೆ ಅದರ ಬದಲು ಇದು ಕೊಡಬಹುದು ಅಂತ ಅಲ್ಲ. ಹಳೆಯ ಕೋಡ್‌ಗಳನ್ನು ಅಳಿಸಲಿಲ್ಲ. ಹಳೆಯ ಬಿಲ್‌ಗಳು ಅವನ್ನೇ ಹಿಡಿದುಕೊಂಡಿರುತ್ತವೆ. ಹಾಗಾಗಿ ಅವನ್ನು ನಿಷ್ಕ್ರಿಯ ಮಾಡಿ ಹೊಸ ಗುಂಪಿಗೆ ಜೋಡಿಸಿದರು.

ನಡುವೆ ಸ್ಪ್ರೆಡ್‌ಶೀಟ್ ತನ್ನ ಕೈಚಳಕ ತೋರಿಸಿತು. 3-12 ಅನ್ನುವಂಥ ಕೋಡ್‌ಗಳನ್ನು ದಿನಾಂಕ ಮಾಡಿತು. ಕೋಡ್‌ನ ಮೊದಲಲ್ಲಿದ್ದ ಸೊನ್ನೆಗಳನ್ನು ನುಂಗಿತು. ಈ ಚಾಳಿಗೆ ವಿಜ್ಞಾನಿಗಳೇ ಸೋತಿದ್ದಾರೆ. ಮಾರ್ಚ್1, ಸೆಪ್ಟ್1 ಅನ್ನುವ ಜೀನ್ ಹೆಸರುಗಳು ದಿನಾಂಕವಾಗುತ್ತಿವೆ ಅಂತ ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿ ಹೆಸರುಗಳನ್ನೇ ಬದಲಿಸಿತು, 2020ರಲ್ಲಿ ಅದು ಸುದ್ದಿಯೂ ಆಯಿತು. ಇಲ್ಲಿ ಕೋಡ್ ಅಂಕಣವನ್ನು ಮೊದಲೇ ಪಠ್ಯ ಅಂತ ಗುರುತು ಮಾಡಿದ್ದರಿಂದ ತೊಂದರೆ ನಿಂತಿತು.

ಅಳತೆಯ ಘಟಕ ಮತ್ತು ಸರಬರಾಜಿನ ಅವಧಿಯಲ್ಲೂ ಗೊಂದಲ ಇತ್ತು. ಖರೀದಿ ಪೆಟ್ಟಿಗೆಯಲ್ಲಿ, ಮಾರಾಟ ಬಿಡಿಯಾಗಿ. ಒಂದು ಪೆಟ್ಟಿಗೆಗೆ ಎಷ್ಟು ಬಿಡಿ ಅನ್ನುವ ಪರಿವರ್ತನೆಯ ಅಂಕಿ ಎಷ್ಟೋ ಐಟಂಗಳಿಗೆ 1 ಅಂತಲೇ ಉಳಿದಿತ್ತು. ಸರಬರಾಜಿನ ಅವಧಿಯೂ ಹಾಗೇ. ಸಾಫ್ಟ್‌ವೇರ್ ಹಾಕಿದ ದಿನ ತುಂಬಿದ ಒಂದೇ ಅಂಕಿ ಎಲ್ಲರಿಗೂ ಇತ್ತು. ಆರ್ಡರ್ ದಿನದಿಂದ ಮಾಲು ಬಂದ ದಿನದವರೆಗೆ ಲೆಕ್ಕ ಹಾಕೋಣ ಅಂದರೆ, ಬಂದ ಮಾಲನ್ನು ವಾರದ ಕೊನೆಗೆ ಒಟ್ಟಿಗೆ ಎಂಟ್ರಿ ಮಾಡುವ ರೂಢಿ. ಕಂಪ್ಯೂಟರ್‌ನಲ್ಲಿದ್ದದ್ದು ಎಂಟ್ರಿ ಮಾಡಿದ ದಿನ, ಲಾರಿ ಬಂದ ದಿನ ಅಲ್ಲ.

ಯಾಕೆ ಇಷ್ಟು ನಕಲು ಕೋಡ್ ಹುಟ್ಟಿದವು?

ಸ್ವಚ್ಛ ಮಾಡುವುದು ಒಂದು ಕೆಲಸ. ಮತ್ತೆ ಕೊಳೆಯಾಗದಂತೆ ನೋಡುವುದು ಬೇರೆ. ಮೊದಲಿಗೆ ಕಟ್ಟುನಿಟ್ಟು ತಂದರು: ಹೊಸ ಕೋಡ್ ಮಾಡುವ ಅಧಿಕಾರ ಕೇಂದ್ರದ ಒಬ್ಬರಿಗೆ ಮಾತ್ರ. ಶಾಖೆಯವರು ಏನು ಮಾಡಿದರು ಗೊತ್ತಾ? ಇತರೆ ಅನ್ನುವ ಒಂದು ಹಳೆಯ ಕೋಡ್‌ನಲ್ಲಿ ಬಿಲ್ ಮಾಡಲು ಶುರು ಮಾಡಿದರು. ಅಲ್ಲಿಗೆ ಇದ್ದ ಅಷ್ಟು ಮಾಹಿತಿಯೂ ಹೋಯಿತು.

ಆಮೇಲೆ ಸರಿಯಾಗಿ ವಿಚಾರಿಸಿದರು. ಎದುರಿಗೆ ಗ್ರಾಹಕ ಕಾಯುತ್ತಾ ನಿಂತಿರುತ್ತಾನೆ. ಸಿಬ್ಬಂದಿ 6205 ಟೂಆರ್‌ಎಸ್ ಅಂತ ಹುಡುಕುತ್ತಾರೆ. ಮಾಸ್ಟರ್‌ನಲ್ಲಿ ಅದು ಡಿಡಿಯು ಅಂತ ಇದೆ, ಸಿಗುವುದಿಲ್ಲ. ಇನ್ನೂ ಹುಡುಕುವುದಕ್ಕಿಂತ ಹೊಸದು ಮಾಡುವುದು ಬೇಗ ಆಗುತ್ತದೆ. ಇದರಲ್ಲಿ ಅಶಿಸ್ತು ಏನೂ ಇರಲಿಲ್ಲ. ಹುಡುಕುವ ಸೌಲಭ್ಯವೇ ಕೆಟ್ಟದಾಗಿತ್ತು. ಅಳತೆಯಿಂದ, ಯಾವುದೇ ತಯಾರಕರ ಗುರುತಿನಿಂದ, ಹಳೆಯ ಕೋಡ್‌ನಿಂದ ಹುಡುಕಲು ಬರುವಂತೆ ಪರದೆ ಬದಲಿಸಿದ ಮೇಲೆ ಹೊಸ ನಕಲುಗಳು ಬಹುಮಟ್ಟಿಗೆ ನಿಂತವು. ಈ ಇಡೀ ಪ್ರಕರಣದಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಜಾಸ್ತಿ ಫಲ ಕೊಟ್ಟ ಕೆಲಸ ಇದೇ ಅಂತ ನನ್ನ ಅಭಿಪ್ರಾಯ. ಯಾವ ಪ್ರಸೆಂಟೇಶನ್‌ನಲ್ಲೂ ಇದರ ಚಿತ್ರ ಬರಲಿಲ್ಲ ಅನ್ನುವುದು ಬೇರೆ ಮಾತು.

ಇಲ್ಲ ಅನ್ನುವ ಬಟನ್

ಕೌಂಟರ್ ಪರದೆಯಲ್ಲಿ ಈಗ ಒಂದು ಬಟನ್ ಬಂತು. ಐಟಂ ಹುಡುಕಿ, ದಾಸ್ತಾನು ಇಲ್ಲ ಅಂತ ಕಂಡರೆ ಒತ್ತಬೇಕು. ಎಷ್ಟು ಕೇಳಿದರು ಅಂತ ಒಂದು ಅಂಕಿ ಹಾಕಬೇಕು. ಕಾರಣ, ಗ್ರಾಹಕನ ಹೆಸರು, ಫೋನ್ ನಂಬರ್ ಯಾವುದೂ ಬೇಡ. ಮೊದಲ ಕರಡಿನಲ್ಲಿ ತುಂಬಬೇಕಾದ ಅಂಕಣಗಳ ಉದ್ದ ಪಟ್ಟಿಯೇ ಇತ್ತು. ಶಾಖೆಯ ಸಿಬ್ಬಂದಿ ಜಗಳ ಮಾಡಿ ಒಂದಕ್ಕೆ ಇಳಿಸಿದರು. ಒಳ್ಳೆಯದಾಯಿತು.

ಕೆಲವು ವಾರ ಚೆನ್ನಾಗಿ ನಡೆಯಿತು. ಆಮೇಲೆ ಮೇಲಿನವರಿಗೆ ಒಂದು ಯೋಚನೆ ಬಂತು: ಈ ಅಂಕಿಯನ್ನು ಶಾಖಾ ವ್ಯವಸ್ಥಾಪಕರ ಮೌಲ್ಯಮಾಪನಕ್ಕೆ ಸೇರಿಸಿದರೆ ಹೇಗೆ? ಸೇರಿಸಿದರು. ಒಂದು ಶಾಖೆಯಲ್ಲಿ ಬಟನ್ ಒತ್ತುವುದೇ ನಿಂತುಹೋಯಿತು. ಅಲ್ಲಿ ಯಾವ ಗ್ರಾಹಕನೂ ಬರಿಗೈಲಿ ಹೋಗುತ್ತಿಲ್ಲವಂತೆ! ಇನ್ನೊಂದು ಶಾಖೆಯವರು ಜಾಸ್ತಿ ಒತ್ತಿದರೆ ಜಾಸ್ತಿ ಮಾಲು ಬರುತ್ತದೆ ಅಂತ ಕಂಡುಕೊಂಡು ಒತ್ತಿದ್ದೇ ಒತ್ತಿದ್ದು. ಚಾರ್ಲ್ಸ್ ಗುಡ್‌ಹಾರ್ಟ್ ಅನ್ನುವ ಬ್ರಿಟಿಷ್ ಅರ್ಥಶಾಸ್ತ್ರಜ್ಞರು 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಬರೆಯುತ್ತಾ ಗುರುತಿಸಿದ್ದು ಇದನ್ನೇ. ನಿಯಂತ್ರಣಕ್ಕೆ ಬಳಸಿದ ತಕ್ಷಣ ಅಂಕಿಯ ಹಿಂದಿದ್ದ ನಿಯಮ ಮುರಿಯುತ್ತದೆ. ಅನಲಿಸ್ಟ್ ಎರಡೂ ಶಾಖೆಗಳ ನಕ್ಷೆಯನ್ನು ಒಂದರ ಪಕ್ಕ ಒಂದಿಟ್ಟು ತೋರಿಸಿದರು. ಮಾತು ಬೇಕಾಗಲಿಲ್ಲ. ಬಟನ್ ಅಂಕಿಯನ್ನು ಮೌಲ್ಯಮಾಪನದಿಂದ ತೆಗೆದರು. ಆ ಅವಧಿಯ ದಾಖಲೆಗೆ ಅನುಮಾನದ ಗುರುತು ಹಾಕಿ, ಅಂದಾಜಿನ ಲೆಕ್ಕದಿಂದ ಹೊರಗಿಟ್ಟರು. ಮೊದಲ ಶಾಖೆಯ ಸಿಬ್ಬಂದಿಗೆ ಮಾತ್ರ ನಂಬಿಕೆ ಮರಳಲು ಬಹಳ ಕಾಲ ಹಿಡಿಯಿತು.

ಮತ್ತೆ ಅಂದಾಜು

ಎರಡನೇ ಸಲ ಸಾಫ್ಟ್‌ವೇರ್‌ಗೆ ದಿನವಾರು ದಾಸ್ತಾನು ಕೊಟ್ಟರು. ಸರಾಸರಿಯನ್ನು ಮಾಲು ಇದ್ದ ದಿನಗಳ ಮೇಲೆ ಮಾತ್ರ ತೆಗೆದರು. ಮೇಲಿನ ಉದಾಹರಣೆಯಲ್ಲಿ 20 ಅನ್ನು 30ರಿಂದ ಅಲ್ಲ, 10ರಿಂದ ಭಾಗಿಸುವುದು. ಅಪರೂಪಕ್ಕೆ ಹೋಗುವ ಐಟಂಗಳಿಗೆ ಮಾಸಿಕ ಸರಾಸರಿ ಬಿಟ್ಟು ಕ್ರಾಸ್ಟನ್ ವಿಧಾನ ಹಿಡಿದರು. 1972ರಲ್ಲಿ ಬಂದ ವಿಧಾನ. ಒಮ್ಮೆ ಕೇಳಿದರೆ ಎಷ್ಟು ಕೇಳುತ್ತಾರೆ ಅನ್ನುವುದನ್ನೂ, ಎಷ್ಟು ದಿನಕ್ಕೊಮ್ಮೆ ಕೇಳುತ್ತಾರೆ ಅನ್ನುವುದನ್ನೂ ಬೇರೆ ಬೇರೆಯಾಗಿ ಅಂದಾಜು ಮಾಡುತ್ತದೆ. ಅದು ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ ಅಂತ ಆಮೇಲೆ ಗೊತ್ತಾಗಿ, ಸಿಂಟೆಟೋಸ್ ಮತ್ತು ಬಾಯ್ಲನ್ ಅನ್ನುವ ಸಂಶೋಧಕರು ತಿದ್ದುಪಡಿ ಕೊಟ್ಟಿದ್ದಾರೆ. ಅದನ್ನೇ ಬಳಸಿದರು. ಇನ್ನೂ ಅಪರೂಪದ ಐಟಂಗಳಿಗೆ ಅಂದಾಜೇ ಬೇಡ ಅಂದರು. ಅದು ಇಲ್ಲದಿದ್ದರೆ ಗ್ರಾಹಕನ ಯಾವ ಯಂತ್ರ ನಿಲ್ಲುತ್ತದೆ ಅಂತ ನೋಡಿ, ಇಡಬೇಕೋ ಬೇಡವೋ ಅಂತ ಮನುಷ್ಯರೇ ತೀರ್ಮಾನಿಸಿದರು.

ಮೊದಲ ವರದಿ ಬಂದಾಗ ಗಾಬರಿ. ಅಂದಾಜಿನ ನಿಖರತೆ ಮೊದಲಿಗಿಂತ ಕುಸಿದಿತ್ತು! ಇದನ್ನು ವಿವರಿಸುವುದೇ ಅನಲಿಸ್ಟ್‌ಗೆ ಅತಿ ಕಷ್ಟದ ಕೆಲಸವಾಯಿತು. ಮೊದಲು ಅಂದಾಜು ತಾನು ತರಿಸಿದ ಮಾಲನ್ನು ತಾನೇ ಊಹಿಸುತ್ತಿತ್ತು. ಈಗ ಗ್ರಾಹಕರನ್ನು ಊಹಿಸಲು ಹೊರಟಿದೆ, ಗ್ರಾಹಕರು ಅಷ್ಟು ಸಲೀಸಾಗಿ ಕೈಗೆ ಸಿಗುವವರಲ್ಲ. ಡ್ಯಾಶ್‌ಬೋರ್ಡ್‌ನ ಮುಖ್ಯ ಅಂಕಿಯನ್ನು ಬದಲಿಸಿ, ಪೂರ್ತಿಯಾಗಿ ಹೋದ ಆರ್ಡರ್‌ಗಳ ಪ್ರಮಾಣ ಹಾಕಿದರು. ಅದು ಮೆಲ್ಲಗೆ, ಏರಿಳಿತದ ಜೊತೆ, ಮೇಲೆ ಹೋಯಿತು. ಶಾಖೆಗಳ ನಡುವೆ ಮಾಲು ಸಾಗಿಸುವುದು ಹೆಚ್ಚಿತು. ಸತ್ತ ದಾಸ್ತಾನು ಅಂತ ಬರೆದಿಟ್ಟದ್ದರಲ್ಲಿ ಗಮನಾರ್ಹ ಭಾಗಕ್ಕೆ ಬೇರೆ ಕೋಡ್‌ನಲ್ಲಿ ಜೀವ ಇತ್ತು. ಉಳಿದದ್ದು ನಿಜವಾಗಿಯೂ ಸತ್ತಿತ್ತು, ಅದಕ್ಕೆ ಯಾವ ಅನಲಿಟಿಕ್ಸೂ ಮದ್ದಲ್ಲ.

ಬೇರೆಯವರು ತೆಗೆದುಕೊಳ್ಳಬಹುದಾದದ್ದು

ವ್ಯವಹಾರದ ಡೇಟಾ ಏನು ನಡೆಯಲು ಸಿಸ್ಟಮ್ ಬಿಟ್ಟಿತೋ ಅದನ್ನು ಮಾತ್ರ ಹೇಳುತ್ತದೆ. ದಾಸ್ತಾನು ಇಲ್ಲದೆ ಬಿಲ್ ಆಗದ ಕಡೆ ಬೇಡಿಕೆ ಕಾಣುವುದಿಲ್ಲ. ಸೀಟು ತುಂಬಿದ ಮೇಲೆ ಬುಕಿಂಗ್ ಮುಚ್ಚುವ ಕಡೆಯೂ ಇದೇ ಕತೆ. ಕರೆ ಎತ್ತದ ಸಹಾಯವಾಣಿಯಲ್ಲೂ ಇದೇ. ಮಾಡೆಲ್ ಕಟ್ಟುವ ಮೊದಲು ಯಾವ ಘಟನೆ ದಾಖಲಾಗಲು ಸಾಧ್ಯವೇ ಇಲ್ಲ ಅಂತ ಪಟ್ಟಿ ಮಾಡಬೇಕು. ಅದಕ್ಕೆ ಡೇಟಾಬೇಸ್ ಮುಂದೆ ಕೂತರೆ ಸಾಲದು, ಎಂಟ್ರಿ ಮಾಡುವವರ ಪಕ್ಕ ಕೂರಬೇಕು. ಅಂದಾಜು ಅನುಮಾನ ಬರುವಷ್ಟು ನಿಖರವಾಗಿದ್ದರೆ, ಅದು ತನ್ನದೇ ನೆರಳನ್ನು ಅಳೆಯುತ್ತಿದೆಯಾ ಅಂತ ಪರೀಕ್ಷಿಸುವುದು ಒಳ್ಳೆಯದು.

ಡೇಟಾ ಸ್ವಚ್ಛತೆಯನ್ನು ಐಟಿ ವಿಭಾಗದ ಕೆಲಸ ಅಂದುಕೊಂಡಿದ್ದರೆ ಈ ಪ್ರಕರಣ ಸೋಲುತ್ತಿತ್ತು. ಯಾವುದು ಯಾವುದಕ್ಕೆ ಸಮ ಅಂತ ತೀರ್ಮಾನಿಸುವ ಜ್ಞಾನ ಗೋಡೌನ್‌ನಲ್ಲಿತ್ತು. ಈಗ ಐಟಂ ಮಾಸ್ಟರ್‌ನ ಒಡೆತನ ಅಧಿಕೃತವಾಗಿ ಆ ಮೇಲ್ವಿಚಾರಕರದ್ದು. ಐಟಿಯವರು ಜಾಗ ಕಾಯುವವರು ಮಾತ್ರ.

ಇನ್ನೂ ಬಗೆಹರಿಯದ ಸಂಗತಿಗಳಿವೆ. ಬದಲಿ ಕೊಟ್ಟಾಗ ಮೊದಲು ಏನು ಕೇಳಿದ್ದರು ಅಂತ ಬರೆಯಲು ಅಂಕಣ ಇದೆ, ಸಿಬ್ಬಂದಿ ತುಂಬುವುದು ಕಡಿಮೆ. ಮಾರಾಟ ಆಯಿತಲ್ಲ, ಇನ್ನೇನು ಅನ್ನುವ ಭಾವನೆ. ಅಂಕಣವನ್ನು ಕಡ್ಡಾಯ ಮಾಡಿದರೆ ಸುಳ್ಳು ತುಂಬುತ್ತಾರೆ ಅನ್ನುವುದು ಅನಲಿಸ್ಟ್ ವಾದ. ಬಿಟ್ಟರೆ ಝಡ್‌ಝಡ್‌ನ ಬೇಡಿಕೆ ಟೂಆರ್‌ಎಸ್ ಅಡಿಯಲ್ಲಿ ಅಡಗಿಯೇ ಇರುತ್ತದೆ ಅನ್ನುವುದು ಖರೀದಿ ಮುಖ್ಯಸ್ಥರ ವಾದ. ಸದ್ಯಕ್ಕೆ ಒಂದೇ ಶಾಖೆಯಲ್ಲಿ ಕಡ್ಡಾಯ ಮಾಡಿ ನೋಡುತ್ತಿದ್ದಾರೆ.